ಹಾಲೇಶನ ಒಂಟಿ ಗಾಲಿ ಊಟ ಬಿಟ್ಟಿದ್ದೇಕೆ?

"ಅಕ್ಕಾ, ಗಾಲಿ ಚಾರ್ಜೇ ಆಗವಲ್ದು. ಒಂದ್ಸಲ ಬಂದು ನೋಡ್ತೀಯಾ?"

ದೀಪಾವಳಿ ಮುಗಿದ ವಾರದ ಶನಿವಾರ. ಸೊರಬದ ನಮ್ಮನೆಯಲ್ಲಿ ದೋಸೆ ಹೊಯ್ಯುತ್ತಿದ್ದೆ. ಫೋನಿನಲ್ಲಿ ತಮ್ಮ ಹಾಲೇಶ. ದನಿ ಕೇಳಿದರೆ ಅಳುವುದೊಂದು ಬಾಕಿ.

ಯಾವ ಗಾಲಿ ಅಂದಿರಾ? ಎಲೆಕ್ಟ್ರಿಕ್ ಯೂನಿಸೈಕಲ್ ಕಣ್ರೀ. ಒಂದೇ ಚಕ್ರ, ಆಚೀಚೆ ಪಾದ ಇಡೋಕೆ ಎರಡು ಹಲಗೆ. ಸೀಟಿಲ್ಲ, ಹ್ಯಾಂಡಲ್ ಇಲ್ಲ. ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಬಳ್ಳಿಗಾವಿ ಹತ್ತಿರದ ನನ್ನ ತವರಿನಲ್ಲಿ ಕುರಿ ಸಾಕುವ ಈ ತಮ್ಮ ಇದರ ಮೇಲೆ ಸವಾರಿ ಮಾಡುತ್ತಾನೆ ಅಂದರೆ ನಂಬುತ್ತೀರಾ? ಕಣ್ಣಾರೆ ನೋಡುವವರೆಗೆ ನಾನೂ ನಂಬಿರಲಿಲ್ಲ.

ಅವನ ಯೋಚನೆಯೇನೋ ಸರಿಯಾಗಿಯೇ ಇದೆ. ಬೈಕಿನ ಸದ್ದಿಗೆ ಮರಿಗಳು ಬೆದರಿ ದಿಕ್ಕಾಪಾಲು. ಗದ್ದೆ ಬದುವಿನ ಮೇಲೆ ಬೈಕ್ ಹೋಗುವುದೂ ಇಲ್ಲ. ಈ ಗಾಲಿ ಸದ್ದಿಲ್ಲದೆ ನುಸುಳುತ್ತದೆ. ಮೊದಲೆಲ್ಲ ಕುರಿ ಹೊಡೆದುಕೊಂಡು ಅಂಬ್ಲಿಗೊಳದ ಕಡೆ ಹೋದರೆ ಮನೆ ಸೇರುವುದು ಸಂಜೆಗೇ. ಈಗ ಮಧ್ಯಾಹ್ನ ಜೊತೆಗಾರನಿಗೆ ಕುರಿ ಒಪ್ಪಿಸಿ ಸರ್ರನೆ ಮನೆಗೆ ಬಂದು, ಅವ್ವನ ಜೊತೆ ಕೂತು ಉಂಡು ಹೋಗುತ್ತಾನೆ.

ಆದರೆ ಅವ್ವನಿಗೆ ಆ ಗಾಲಿ ಕಂಡರಾಗದು. "ಕುರಿ ಕಾಯೋನಿಗೆ ಸರ್ಕಸ್ ಯಾಕಲೇ? ಬಿದ್ದು ಸೊಂಟ ಮುರ್ಕಂಡ್ರೆ ನೋಡೋರ್ಯಾರು?" ಅಂತ ಮೊದಲ ದಿನವೇ ಜಗಳ. ಅವಳ ಬಾಯಿ ಮುಚ್ಚಿಸಲು ಹಾಲೇಶ ಮಾತು ಕೊಟ್ಟುಬಿಟ್ಟಿದ್ದ. "ಒಂದ್ಸಲ ಕೆಟ್ಟು ನಿಂತ್ರೂ ಮಾರಿಬಿಡ್ತೀನಿ ಕಣವ್ವ." ಈಗ ನಿಂತಿತ್ತು. ಭಾನುವಾರ ಶಿಕಾರಿಪುರದಿಂದ ಒಬ್ಬ ನೋಡಿಕೊಂಡು ಹೋಗಲು ಬರುವವನಿದ್ದ.

ಕೆಟ್ಟ ವಸ್ತು ಅಂದರೆ ನನಗೆ ಕೈ ತುರಿಸುತ್ತದೆ. (ನಮ್ಮನೆ ಮಿಕ್ಸಿಯನ್ನು ಎಷ್ಟು ಸಲ ಬಿಚ್ಚಿದ್ದೇನೆ ಅಂತ ನಮ್ಮನೆಯವರನ್ನು ಕೇಳಿ.) ಮಲ್ಟಿಮೀಟರ್ ಬ್ಯಾಗಿಗೆ ಹಾಕಿಕೊಂಡು ಶಿರಾಳಕೊಪ್ಪದ ಬಸ್ ಹತ್ತಿದೆ.

ಜಗಲಿಯ ಮೇಲೆ ಗಾಲಿ ಗೋಡೆಗೆ ಒರಗಿ ಕೂತಿತ್ತು. ಚಾರ್ಜರ್ ಹಾಕಿದೆವು. ಅದರ ಮೇಲೊಂದು ಪುಟ್ಟ ದೀಪ. ಸುಮ್ಮನಿದ್ದಾಗ ಹಸಿರು, ಗಾಲಿಗೆ ಕರೆಂಟ್ ಹರಿಯುವಾಗ ಕೆಂಪು. ಈಗ ಗಾಲಿಗೆ ಚುಚ್ಚಿದ ಮೇಲೂ ಹಸಿರೇ! ಅಂದರೇನು? ಚಾರ್ಜರ್ ಬಡಿಸಲು ಸಿದ್ಧವಿದೆ, ಗಾಲಿ ಮಾತ್ರ ಬಾಯಿ ಬಿಡುತ್ತಿಲ್ಲ.

"ವೋಲ್ಟೇಜ್ ಇಲ್ಲ ಕಣಕ್ಕ. ಎಲ್ರೂ ಮೋಟ್ರು ಹಾಕ್ಯಾರೆ" ಅಂದ ಹಾಲೇಶ. ನಮ್ಮಲ್ಲಿ ಏನು ಕೆಟ್ಟರೂ ಮೊದಲ ಗುಮಾನಿ ಕರೆಂಟಿನ ಮೇಲೆ, ಎರಡನೆಯದು ಕಂಪನಿಯ ಮೇಲೆ. ಮನೆಯೊಳಗಿನವರ ಮೇಲೆ ಎಂದಾದರೂ ಬರುತ್ತದಾ? ಮೀಟರ್ ಹಿಡಿದೆ. ವೋಲ್ಟೇಜ್ ಸರಿಯಿತ್ತು. ಚಾರ್ಜರಿನ ತುದಿಗೆ ಹಿಡಿದೆ. ಅದೂ ಸರಿ. ಗಾಲಿಯ ಸ್ವಿಚ್ ಒತ್ತಿದರೆ ಲೈಟ್ ಹತ್ತಿತು. ಬ್ಯಾಟರಿ ಪೂರ್ತಿ ಸತ್ತಿರಲಿಲ್ಲ. ಮತ್ತೇನಾಗಿತ್ತು?

ಅವ್ವ ಹೊಸ್ತಿಲಿಗೆ ಬಂದಳು. "ಕೆಟ್ರೆ ಕೆಡ್ಲಿ ಬಿಡು, ಪೀಡೆ ಹೋತು" ಅಂದಳು. ಒಳಗೆ ಹೋದಳು. ಮತ್ತೆ ಬಂದಳು. "ಏನಂತೆ? ಒಂದೀಟೂ ತಗಳವಲ್ದಾ?" ಪೀಡೆ ಹೋಗಲಿ ಅನ್ನುವವರು ಇಷ್ಟು ಸಲ ಬಂದು ವಿಚಾರಿಸುತ್ತಾರಾ? ಆಗ ನನಗೆ ಹೊಳೆಯಲಿಲ್ಲ.

ಹೊಳೆಸಿದ್ದು ಇರುವೆ. ಗೋಡೆಯಿಂದ ಇಳಿದ ಕೆಂಪಿರುವೆಗಳ ಸಾಲು ನೆಟ್ಟಗೆ ಗಾಲಿಯ ಹೊಟ್ಟೆಯ ಹತ್ತಿರ ಹೋಗಿ ಮಾಯವಾಗುತ್ತಿತ್ತು. ಕಬ್ಬಿಣ, ರಬ್ಬರಿನ ಗಾಡಿಯಲ್ಲಿ ಇರುವೆಗೇನು ಕೆಲಸ? ಮೊಬೈಲ್ ಟಾರ್ಚ್ ಹಾಕಿ ಬಗ್ಗಿದೆ. ಚಾರ್ಜರಿನ ಪಿನ್ ಪೂರ್ತಿ ಒಳಗೆ ಹೋಗದೆ ಉಗುರಿನಷ್ಟು ಹೊರಗೇ ನಿಂತಿತ್ತು. ಕಿತ್ತು ತೂತಿನೊಳಗೆ ಬೆಳಕು ಬಿಟ್ಟೆ. ಏನೋ ಕಂದು ಬಣ್ಣದ್ದು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಮೂಸಿದೆ.

ಏಲಕ್ಕಿ!

"ಲೇ ಹಾಲೇಶ, ಇದು ಹೂರಣ ಕಣೋ!"

ಇಬ್ಬರೂ ಒಟ್ಟಿಗೆ ಅವ್ವನ ಕಡೆ ತಿರುಗಿದೆವು. ಅವಳಿಗೆ ಒಂಚೂರೂ ಅಳುಕಿಲ್ಲ.

"ಹೂಂ, ನಾನೇ ಇಟ್ಟೀನಿ. ಪಾಡ್ಯದ ದಿನ ದನಕ್ಕೆ ಹೋಳಿಗೆ ತಿನ್ನಿಸ್ದೆ, ಕುರಿಗೆ ತಿನ್ನಿಸ್ದೆ. ಮನಿಗೆ ದುಡಿಯೋ ಇದೊಂದನ್ನ ಹಬ್ಬದ ದಿನ ಉಪಾಸ ಕೆಡವ್ಲೇನು?"

"ಅಲ್ಲವ್ವ, ಎಡೆನ ಮುಂದ್ಗಡೆ ಇಡಬೇಕಿತ್ತು!" ಅಂತ ಹಾಲೇಶ ತಲೆ ಚಚ್ಚಿಕೊಂಡ.

"ದಿನಾ ಸಂಜಿಗೆ ನೀನು ವಯರ್ ತಂದು ಅಲ್ಲೇ ತಿನ್ನಿಸ್ತಿದ್ದೆಲ್ಲೋ. ಬಾಯಿ ಅಲ್ಲಿದ್ರೆ ಎಡೆ ಬೇರೆ ಎಲ್ಲಿ ಇಡ್ಲಿ? ಇರುವೆ ಮುತ್ತಬಾರ್ದು ಅಂತ ಮುಚ್ಚಳ ಬೇರೆ ಹಾಕೀನಿ."

ನಕ್ಕೂ ನಕ್ಕೂ ನನಗೆ ಹೊಟ್ಟೆ ನೋವು ಬಂತು. ಹಾಲೇಶ ಮಾತ್ರ ನಗಲಿಲ್ಲ. ಗಾಲಿಯ ಮೇಲೆ ಕೈಯಿಟ್ಟು ಅವ್ವನನ್ನೇ ನೋಡುತ್ತ ಕೂತ. ಬಯ್ಯುತ್ತಲೇ ಇದ್ದವಳು ಯಾವಾಗ ಇದನ್ನು ಮನೆಯವರ ಸಾಲಿಗೆ ಸೇರಿಸಿಕೊಂಡಳೋ ಅವನಿಗೂ ಗೊತ್ತಿಲ್ಲ. ಅವನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಅವನು ಸೇಫ್ಟಿ ಪಿನ್ ಹಿಡಿದು ಕೆರೆಯಲು ಹೊರಟ. ಕಸಿದುಕೊಂಡೆ. (ಒಳಗೆ ಬ್ಯಾಟರಿ ಇದೆ, ಲೋಹ ತಗುಲಿದರೆ ಕಥೆ ಮುಗೀತು.) ಗಾಲಿ ಆಫ್ ಮಾಡಿ, ಊದುಬತ್ತಿಯ ಬರೀ ಕಡ್ಡಿಯಲ್ಲಿ ಮೆಲ್ಲಗೆ ಬಿಡಿಸಿದೆ. ಸ್ಪಿರಿಟ್ ಸವರಿದ ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ, ಚೆನ್ನಾಗಿ ಒಣಗಲು ಬಿಟ್ಟೆವು. ಆಮೇಲೆ ಪಿನ್ ಚುಚ್ಚಿದರೆ ಟಕ್ ಅಂತ ಪೂರ್ತಿ ಒಳಗೆ. ದೀಪ ಕೆಂಪಗಾಯಿತು!

ಹಾಲೇಶನ ಮುಖ ಮತ್ತೆ ಸಪ್ಪಗಾಯಿತು. "ಆದ್ರೂ ಮಾತು ಕೊಟ್ಟೀನಲ್ಲವ್ವ. ನಾಳೆ ಅವ್ನು ಬರ್ತಾನೆ."

"ಕೆಟ್ರೆ ಮಾರ್ತೀನಿ ಅಂದಿದ್ದೆ. ಅದೆಲ್ಲಿ ಕೆಟ್ಟೈತೆ? ಹಬ್ಬದೂಟ ಗಂಟ್ಲಿಗೆ ಸಿಕ್ಕಂಡಿತ್ತು, ಅಷ್ಟೇ. ಅವ್ನಿಗೆ ಬರಬ್ಯಾಡ ಅಂತ ಫೋನ್ ಮಾಡು" ಅಂದವಳೇ ಅವ್ವ ತಟ್ಟೆ ಹಾಕಲು ಒಳಗೆ ನಡೆದಳು.

ಸಂಜೆ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಆ ಗಾಲಿಯ ಮ್ಯಾನುಯಲ್ ಹುಡುಕಿ ಓದಿದೆ. ಚಾರ್ಜ್ ಆಗದಿದ್ದರೆ ಏನೇನು ನೋಡಬೇಕು ಅಂತ ಉದ್ದಕ್ಕೆ ಬರೆದಿದ್ದಾರೆ. ನೀರು, ಧೂಳು, ಬಾಗಿದ ಪಿನ್ನು, ಹಳೇ ಬ್ಯಾಟರಿ ಎಲ್ಲ ಇದೆ. ಬರೆದವರು ಬುದ್ಧಿವಂತರೇ, ಅನುಮಾನವಿಲ್ಲ. ಅವರಿಗೆ ನನ್ನದೊಂದೇ ಪ್ರಶ್ನೆ.

ಮುಂದಿನ ಪಾಡ್ಯಕ್ಕೆ ಅವ್ವ ಇದಕ್ಕೆ ಎಡೆ ಎಲ್ಲಿ ಇಡಬೇಕು, ಸ್ವಾಮೀ?