ಚನ್ನಮಲ್ಲಮ್ಮನ ಲಿಂಗಪೂಜೆಗೆ ಕರಿ ಪೈಪಿನ ನೀರು

ಮಾನ್ವಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಳ ಜೋಡಿಸುವ ಗುಡುಸಾಬರು ಆಗಲೇ ಅಂಗಳದಲ್ಲಿ ಕರಿ ಪ್ಲಾಸ್ಟಿಕ್ ಪೈಪಿನ ಸುರುಳಿಯೊಂದಿಗೆ ಕುಸ್ತಿಗೆ ಬಿದ್ದಿದ್ದಾರೆ. ಒಂದು ತುದಿ ಎಳೆದರೆ ಇನ್ನೊಂದು ತುದಿ ಸುತ್ತಿಕೊಳ್ಳುತ್ತದೆ. ಮನೆಯ ಸೊಸೆ ಬೂದೆಮ್ಮ ಹಂಡೆಯ ಬಿಸಿನೀರು ತಂದು ಸುರಿಯುತ್ತಾಳೆ. ಪೈಪು ಮೆತ್ತಗಾಗಿ ಹೇಳಿದ ಮಾತು ಕೇಳತೊಡಗುತ್ತದೆ.

ಕಟ್ಟೆಯ ಮೇಲೆ ಕೂತ ಅತ್ತೆ ಚನ್ನಮಲ್ಲಮ್ಮ ಮಾತ್ರ ಮೆತ್ತಗಾಗಿಲ್ಲ.

"ಈ ಸಲನೂ ನೀರು ನಾರಿದ್ರ ಪೈಪೆಲ್ಲಾ ಕಿತಗೊಂಡು ಹೋಗು ನೋಡಪಾ. ನಮ್ಮ ಬೂದೆಮ್ಮ ಬಾವಿ ನೀರೇ ಹೊರತಾಳ."

ಬೂದೆಮ್ಮ ಪೈಪಿನ ಮೇಲೆ ಇನ್ನಷ್ಟು ಬಿಸಿನೀರು ಸುರಿಯುತ್ತಾಳೆ. ಮದುವೆಯಾಗಿ ಬಂದಾಗಿನಿಂದ ಕೊಡ ಹೊತ್ತ ಸೊಂಟ ಅವಳದು.

ಗುಡುಸಾಬರು ರಾಯಚೂರಿನವರು. ಹರೆಯವೆಲ್ಲ ಕಬ್ಬಿಣದ ಪೈಪು ಜೋಡಿಸುವುದರಲ್ಲೇ ಕಳೆಯಿತು. ಎಂಬತ್ತರ ದಶಕ ಬಂದ ಮೇಲೆ ಪ್ಲಾಸ್ಟಿಕ್ ಬಂತು, ಜನ ಮೂಗು ಮುರಿದರು. ಯಾವುದು ಎಲ್ಲಿಗೆ ಒಗ್ಗುತ್ತದೆ ಎಂಬುದನ್ನು ಅವರು ಪೆಟ್ಟು ತಿಂದೇ ಕಲಿತಿದ್ದಾರೆ.

"ಕಬ್ಬಿಣಕ್ಕ ಸವಳು ನೀರು ಆಗಿಬರಂಗಿಲ್ರಿ, ತುಕ್ಕ ಹಿಡೀತದ. ಬೂದು ಪೈಪು ಗ್ವಾಡಿ ಒಳಗ ಚಲೋ, ಬಿಸಲಾಗ ಇಡಬಾರದು. ದೇವದುರ್ಗದಾಗ ಒಬ್ಬರ ಮಾಳಗಿ ಮ್ಯಾಲ ಹಾಕಿದ್ದೆ, ಎರಡು ಬ್ಯಾಸಗಿಗೆ ಹಪ್ಪಳ ಆಗಿ ಹೋತು. ಕರೇದು ಬಿಸಲು ತಡೀತದ. ಬಿಸಿನೀರ ಹಂಡೆದ ಕಡಿ ಮಾತ್ರ ಕಬ್ಬಿಣಾನೇ ಬೇಕು."

ಈ ಮನೆಯಲ್ಲಿ ಹೋದ ವಾರ ಗೋಡೆಯೊಳಗೆ ಬೂದು ಪೈಪನ್ನೇ ಹಾಕಿದ್ದರು. ಅದರ ತುಂಡುಗಳನ್ನು ಅಂಟು ಬಳಿದು ಕೂಡಿಸಬೇಕು, ಅಂಟು ಒಂದು ದಿನ ಒಣಗಬೇಕು. ಆದರೆ ಮರುದಿನ ಸೋಮವಾರ. ಲಿಂಗಪೂಜೆಗೆ ಹೊಸ ನಳದ ನೀರೇ ಬೇಕೆಂದು ಚನ್ನಮಲ್ಲಮ್ಮ ಅಂದೇ ಸಂಜೆ ನಳ ತಿರುಗಿಸಿದರು. ತಂಬಿಗೆ ತುಂಬ ಅಂಟಿನ ವಾಸನೆ! ತಪ್ಪು ಅತ್ತೆಯದೇ. ಆದರೆ ಅದನ್ನು ಅವರ ಮುಂದೆ ಹೇಳುವ ಗಂಡೆದೆ ಯಾರಿಗಿದೆ? ಆ ಪೈಪಿನ ನೀರೇ ಬೇಡವೆಂದು ಬೈಸಿಕೊಂಡ ಗುಡುಸಾಬರು, ಕರಿ ಸುರುಳಿಯನ್ನು ನಿನ್ನೆ ರಾತ್ರಿಯ ಬಸ್ಸಿನ ಮೇಲೆ ಹೇರಿಕೊಂಡು ಮತ್ತೆ ಬಂದಿದ್ದಾರೆ.

"ಟಾಕಿಯಿಂದ ಅಡಗಿಮನಿ ತನಕ ಒಂದೇ ಪೈಪು ಯವ್ವಾ. ನಡುವ ಗಂಟಿಲ್ಲ, ಅಂಟಿಲ್ಲ."

"ಅದೇನರ ಇರಲಿ, ಮೂಗಿಗೆ ಗೊತ್ತಾಗತದ."

ಗೋಡೆಗುಂಟ ಪೈಪು ಎಳೆದು, ಮೊಳೆ ಹೊಡೆದು ಮುಗಿಸುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತದೆ. ಹೊಸ ಪೈಪಿನ ಮೊದಲ ನೀರನ್ನು ಗುಡುಸಾಬರು ಬಹಳ ಹೊತ್ತು ನುಗ್ಗೆ ಗಿಡಕ್ಕೆ ಬಿಡುತ್ತಾರೆ. ಆಮೇಲೆ ತಾವೇ ಒಂದು ಬೊಗಸೆ ಕುಡಿದು ನೋಡಿ, ತುಂಬಿಕೊ ಎಂದು ಬೂದೆಮ್ಮನಿಗೆ ಕಣ್ಣಲ್ಲೇ ಹೇಳುತ್ತಾರೆ. ಅವಳು ತಂಬಿಗೆ ತುಂಬಿ ಅತ್ತೆಯ ಮುಂದೆ ಹಿಡಿಯುತ್ತಾಳೆ.

ಚನ್ನಮಲ್ಲಮ್ಮ ಅಂಗೈಗೆ ಸುರಿದುಕೊಂಡು ಮೂಸುತ್ತಾರೆ, ಒಂದು ಗುಟುಕು ಕುಡಿಯುತ್ತಾರೆ. ತಂಬಿಗೆಯೊಂದಿಗೆ ದೇವರ ಕೋಣೆಗೆ ನಡೆಯುತ್ತಾರೆ. ಹೊರಗೆ ಇಬ್ಬರೂ ಕಾಯುತ್ತಿದ್ದಾರೆ.

ಹಣೆಯ ವಿಭೂತಿ ಆರುವ ಮೊದಲೇ ಅತ್ತೆ ಬಾಗಿಲಿಗೆ ಬರುತ್ತಾರೆ. "ಬೂದೆಮ್ಮಾ, ಬಾವಿ ಹಗ್ಗ ತಗದು ಅಟ್ಟದ ಮ್ಯಾಲ ಇಡವಾ."

ಬೂದೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಮರುಗಳಿಗೆ ಹಗ್ಗ ತೆಗೆಯಲು ಬಾವಿಯ ಕಡೆ ಓಡುತ್ತಾಳೆ.

ಚೀಲಕ್ಕೆ ಸುತ್ತಿಗೆ ತುಂಬುತ್ತಿರುವ ಗುಡುಸಾಬರನ್ನು, ಇನ್ನೇನು ಆಸೆ ಎಂದು ಅಂಗಳದಲ್ಲಿ ನೋಡುತ್ತ ನಿಂತ ನಾವು ಕೇಳಿದರೆ ನಾಚುತ್ತಾರೆ.

"ಈ ಮನಿಯವರು ನನ್ನ ಮರತು ಬಿಡಬೇಕ್ರಿ. ನಳ ಕೆಟ್ಟಾಗಷ್ಟೇ ಅಲ್ಲೇನು ಗುಡುಸಾಬ ನೆನಪಾಗೋದು?"