ವೆಂಡೆಲ್‌ಗೆ ನಾನು ಕೊಟ್ಟ ಮೂರು ನಕ್ಷತ್ರ

ವೆಂಡೆಲ್ ಹಾಲ್ವರ್ಸನ್ ನಮ್ಮೂರು ಡುಲುತ್‌ನಲ್ಲಿ ಮೂವತ್ತೊಂದು ವರ್ಷ ಕ್ಷೌರದಂಗಡಿ ನಡೆಸಿದವರು. ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿದರು. ನಡುಗುವ ಕೈಗೆ ಯಾರು ಕುತ್ತಿಗೆ ಕೊಡುತ್ತಾರೆ? ಮಾತೊಂದು ಉಳಿದಿತ್ತು. ಒಂಟಿ ಮುದುಕರ ಮನೆಗೆ ಜೊತೆಗಾರರನ್ನು ಕಳಿಸುವ ಕಂಪನಿಯೊಂದನ್ನು ಸೇರಿದರು. ಗಂಟೆ ಲೆಕ್ಕದಲ್ಲಿ ಬಂದು ಕೂರಬೇಕು, ಮಾತಾಡಬೇಕು, ಇಸ್ಪೀಟಾಡಬೇಕು, ಕೈ ಹಿಡಿದು ನಡೆಸಬೇಕು. ಅದೇ ಕೆಲಸ.

ನನ್ನ ಗಂಡ ಆರ್ವಿಲ್ ಸತ್ತು ಮೂರು ತಿಂಗಳಾಗಿತ್ತು. ಪಕ್ಕದ ಮನೆಯ ಡಾರ್ಲಾ ಬಂದು ನನ್ನ ಹೆಸರು ಬರೆಸಿದಳು.

"ಗೋಡೆ ಜೊತೆ ಮಾತಾಡ್ಕೊಂಡು ಕೂತಿದ್ರೆ ಗೋಡೆಗೂ ಬೇಜಾರಾಗುತ್ತೆ ಕಣೇ ವರ್ನಾ" ಅಂದಳು.

ಮಂಗಳವಾರ, ಶುಕ್ರವಾರ, ಎರಡೆರಡು ಗಂಟೆ ವೆಂಡೆಲ್ ಬರುತ್ತಿದ್ದರು. ಮೊದಲ ದಿನವೇ ಹೇಳಿಬಿಟ್ಟೆ. "ನೋಡಿ, ನನಗೆ ಕನಿಕರ ತೋರಿಸ್ಬೇಡಿ."

"ಕನಿಕರ ನನ್ನ ಪಟ್ಟೀಲೇ ಇಲ್ಲ. ಇಸ್ಪೀಟಿದೆ. ಅದ್ರಲ್ಲೂ ಬಿಟ್ಕೊಡಲ್ಲ."

ಬಿಟ್ಟುಕೊಡಲೂ ಇಲ್ಲ. ಇಡೀ ಚಳಿಗಾಲ ನನ್ನನ್ನು ಸೋಲಿಸಿದರು.

ಜನವರಿಯಲ್ಲಿ ಆರ್ವಿಲ್‌ನ ಸಮಾಧಿಗೆ ಹೋಗಬೇಕು ಅಂದೆ. ಬಸ್ಸಿನಲ್ಲಿ ಕರೆದುಕೊಂಡು ಹೋದರು. ಮಂಡಿಯವರೆಗೆ ಹಿಮ, ಕಲ್ಲು ಕಾಣುತ್ತಿರಲಿಲ್ಲ. ವೆಂಡೆಲ್ ಟೋಪಿ ತೆಗೆದು ಅದರಲ್ಲೇ ಹಿಮ ತೋಡಿದರು, ಹೆಸರು ಕಾಣುವವರೆಗೆ. ಆಮೇಲೆ ದೂರ ಹೋಗಿ ನನಗೆ ಬೆನ್ನು ಹಾಕಿ ನಿಂತರು. ನಾನು ಅತ್ತೆ. ವಾಪಸ್ ಬರುವಾಗ ಆ ಮಾತೇ ಎತ್ತಲಿಲ್ಲ.

ನಮ್ಮೂರಲ್ಲಿ ಚಳಿಗಾಲದ ಬೂಟು ಬಾಗಿಲಲ್ಲೇ ಬಿಡಬೇಕು. ಹೊರಡುವಾಗ ಅವರು ಗೋಡೆಗೆ ಒರಗಿ, ಆ ಕೈಯಲ್ಲಿ ಲೇಸು ಕಟ್ಟುತ್ತಿದ್ದರು. ತುಂಬ ಹೊತ್ತು ಹಿಡಿಯುತ್ತಿತ್ತು. ನಾನು ನೋಡುತ್ತ ನಿಂತಿರುತ್ತಿದ್ದೆ. ಅಲ್ಲೊಂದು ಸ್ಟೂಲು ಹಾಕೋಣ ಅಂತ ನನಗೆ ಹೊಳೆಯಲಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ ಬಟ್ಟಲು ತೊಳೆದಿಟ್ಟು ಬಂದರೆ, ಅವರು ಕಿಟಕಿ ಪಕ್ಕದ ಆರ್ವಿಲ್‌ನ ಕುರ್ಚಿಯಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದರು. ಆ ಕುರ್ಚಿಯಲ್ಲಿ ನಾನೇ ಕೂತಿರಲಿಲ್ಲ.

"ಏಳ್ರೀ! ಯಾರ ಕುರ್ಚಿ ಅಂದ್ಕೊಂಡ್ರಿ ಅದು?"

ಎದ್ದರು. "ತಪ್ಪಾಯ್ತು, ವರ್ನಾ ಅವ್ರೇ" ಅಂದರು. ಒಂದು ಕಾಲಿನ ಲೇಸು ಕಟ್ಟಿರಲೇ ಇಲ್ಲ. ಹಾಗೆಯೇ ಮಂಜುಗಡ್ಡೆಯ ಮೇಲೆ ನಡೆದುಹೋದರು.

ಪ್ರತಿ ಸಲ ಅವರು ಹೋದ ಮೇಲೆ ಕಂಪನಿ ಫೋನಿಗೆ ಸಂದೇಶ ಕಳಿಸಿ ಕೇಳುತ್ತಿತ್ತು, ಎಷ್ಟು ನಕ್ಷತ್ರ ಕೊಡ್ತೀರಿ ಅಂತ. ಚೆನ್ನಾಗಿದ್ದ ಒಂದು ದಿನವೂ ನಾನು ಉತ್ತರ ಕೊಟ್ಟಿರಲಿಲ್ಲ. ಅವತ್ತು ಕೊಟ್ಟೆ. ಐದಕ್ಕೆ ಮೂರು.

ನಮ್ಮ ಕಡೆ ಹೊಗಳಿಕೆ ಕಡಿಮೆ. ನಾನು ಮಾಡಿದ ಸೇಬಿನ ಪೈ ತಿಂದು ಆರ್ವಿಲ್ ನಲವತ್ತನಾಲ್ಕು ವರ್ಷವೂ "ತಿನ್ನಬಹುದು" ಅಂದ, ಅಷ್ಟೇ. ಯಾರಿಗೇ ಆಗಲಿ ನಾನು ಐದು ಕೊಡುವವಳಲ್ಲ, ನಾಲ್ಕೇ ಹೆಚ್ಚು. ಅದರಲ್ಲಿ ಇನ್ನೊಂದು ಕಿತ್ತದ್ದು ಮಾತ್ರ ಬೇಕಂತಲೇ. ಕೆಳಗೆ ಬರೆದೆ: "ಕೇಳದೆ ನನ್ನ ಗಂಡನ ಕುರ್ಚಿಯಲ್ಲಿ ಕೂತರು." ಬೂಟಿನ ವಿಷಯ ಬರೆಯಲಿಲ್ಲ. ಕೈ ನಡುಗುವುದು ಬರೆಯಲಿಲ್ಲ. ಟೋಪಿಯಲ್ಲಿ ಹಿಮ ತೋಡಿದ್ದೂ ಬರೆಯಲಿಲ್ಲ.

ಮಂಗಳವಾರ ಬೇರೆ ಯಾರೋ ಹುಡುಗಿ ಬಂದಳು. ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಕಂಪನಿಗೆ ಫೋನ್ ಮಾಡಿದೆ.

"ವೆಂಡೆಲ್ ಎಲ್ಲಿ?"

"ಅವ್ರನ್ನ ಪಟ್ಟಿಯಿಂದ ತೆಗ್ದಿದೀವಮ್ಮಾ. ನಿಮ್ಮ ದೂರು ನೋಡಿನೇ ತೆಗ್ದಿದ್ದು."

"ನಾನೆಲ್ಲಿ ದೂರು ಕೊಟ್ಟೆ? ಮೂರು ಕೊಟ್ಟೆ."

"ನಾಲ್ಕೂವರೆಗಿಂತ ಕಡಿಮೆ ಬಂದ್ರೆ ಅದು ದೂರೇ."

"ಅವ್ರ ಮಾತು ಕೇಳಿದ್ರಾ?"

"ಅವ್ರು ಬರೆಯೋಕೆ ಅದ್ರಲ್ಲಿ ಜಾಗ ಇಲ್ಲಮ್ಮಾ. ಬರೆಯೋದು ಗ್ರಾಹಕರು."

"ಹಾಗಾದ್ರೆ ನಂದು ಅಳಿಸಿ."

"ಒಂದ್ಸಲ ಕೊಟ್ಟಿದ್ದು ಕೊಟ್ಟಿದ್ದೇ."

ಆಲೂಗಡ್ಡೆ, ಮಾಂಸ ಹಾಕಿ ಒಂದು ಪಾತ್ರೆ ಬೇಯಿಸಿಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ಹಳೆ ಅಂಗಡಿಯ ಮೇಲೆಯೇ ಒಂದು ಕೋಣೆ.

"ಇಲ್ಲಿಗೆ ಬರೋಕೂ ಗಂಟೆ ಲೆಕ್ಕ ಇದ್ಯಾ?" ಅಂದರು. ನಗಲಿಲ್ಲ. ಪಾತ್ರೆ ತೆಗೆದುಕೊಂಡರು.

"ನಾಲ್ಕು ಕೊಡ್ಬೇಕಿತ್ತು ನಾನು" ಅಂದೆ.

"ನಾಲ್ಕು ಕೊಟ್ಟಿದ್ರೂ ತೆಗೀತಿದ್ರು, ಬಿಡಿ."

"ಲೇಸು ಕಟ್ಟೋಕಾಗ್ತಿಲ್ಲ ಅಂತ ಒಂದು ಮಾತು ಹೇಳ್ಬೋದಿತ್ತಲ್ಲ ನನಗೆ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಅದನ್ನೂ ಬರೀತಿದ್ರಿ. ಕೈ ಕೆಟ್ಟಿರೋನನ್ನ ಯಾರು ಕಳಿಸ್ತಾರೆ?"

ಇಲ್ಲ, ಬರೀತಿರಲಿಲ್ಲ ಅಂದರೆ ಸುಳ್ಳಾಗುತ್ತಿತ್ತು.

ಅವರ ಬಾಗಿಲ ಪಕ್ಕ ಒಂದು ಸ್ಟೂಲಿತ್ತು. ಅದರ ಮೇಲೆ ಕೂತು ಬೂಟು ಹಾಕಿಕೊಂಡೆ. ಅವರು ಬಾಗಿಲು ಹಿಡಿದು ನಿಂತಿದ್ದರು. ಮತ್ತೆ ಬನ್ನಿ ಅನ್ನಲಿಲ್ಲ.