ಶಾಹೀನ್ ಡಿಜೆ, ಗಜೇಂದ್ರಗಡ

"ಅಕ್ಕಾರ, ಇದರ ಬಾಯಿ ಎಲ್ಲೈತಿ ಸ್ವಲ್ಪ ಹುಡುಕಿ ಕೊಡ್ರಿ."

ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ನಾನಿನ್ನೂ ಬಸ್ಸಿನಿಂದ ಪೂರ್ತಿ ಇಳಿದಿರಲಿಲ್ಲ. ಪಕ್ಕದ ಮನೆಯ ರಫೀಕ್ ಒಂದು ರಟ್ಟಿನ ಡಬ್ಬಿಯನ್ನು ನನ್ನ ಕೈಗೆ ಹಿಡಿಸಿ ಹೀಗಂದ. ಒಳಗೆ ಮೊಲವೋ ಆಮೆಯೋ ಇದ್ದೀತು ಅಂದುಕೊಂಡೆ. (ರೋಣದಿಂದ ನಿಂತುಕೊಂಡೇ ಬಂದಿದ್ದೆ. ಆ ಹೊತ್ತಿಗೆ ನನ್ನ ತಲೆ ಅಷ್ಟೇ ಓಡುತ್ತದೆ.)

ಡಬ್ಬಿಯಲ್ಲಿದ್ದದ್ದು ಡಿಜೆ ಕಂಟ್ರೋಲರ್. ಎಡಕ್ಕೊಂದು ಬಲಕ್ಕೊಂದು ತಟ್ಟೆಯಂಥ ಚಕ್ರ, ನಡುವೆ ಮೇಲೆ ಕೆಳಗೆ ಸರಿಯುವ ಗುಂಡಿಗಳು, ಎಲ್ಲಿ ನೋಡಿದರೂ ಪುಟ್ಟ ಪುಟ್ಟ ದೀಪ. ಹುಬ್ಬಳ್ಳಿಯಿಂದ ತಂದಿದ್ದ. ಹಿಂದೆ ಮುಂದೆ ತಿರುವಿ ನೋಡಿದರೂ ಸ್ಪೀಕರಿನ ವೈರ್ ಸಿಗಿಸಲು ಒಂದು ತೂತೂ ಸಿಕ್ಕಿರಲಿಲ್ಲ. ಇದ್ದದ್ದು ಒಂದೇ ಒಂದು ಯುಎಸ್‌ಬಿ ವೈರು.

ಇದನ್ನು ನನ್ನನ್ನೇ ಯಾಕೆ ಕೇಳಬೇಕು? ನಾನು ರೋಣದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಲೈಬ್ರರಿಗೆ ಇಂಟರ್‌ನೆಟ್ ಬಂದಾಗಿನಿಂದ ನಮ್ಮ ಓಣಿಯವರ ಪಾಲಿಗೆ ನಾನು ಸಕಲ ಸಾಮಾನುಗಳ ತಜ್ಞೆ. ಯಾವ ಮಿಕ್ಸರ್ ಬಾಳಿಕೆ ಬರುತ್ತದೆ? ಯಾವ ಮೊಬೈಲಿನ ಬ್ಯಾಟರಿ ತಡೆಯುತ್ತದೆ? ಇನ್ವರ್ಟರ್ ಯಾವ ಕಂಪನಿಯದು ತಗೊಳ್ಳಲಿ? ಇಷ್ಟಾದರೂ ಯಾರೂ ಕೊಳ್ಳುವ ಮೊದಲು ಕೇಳುವುದಿಲ್ಲ. ಕೊಂಡು ತಂದು, ಅದು ಕೈಕೊಟ್ಟ ಮೇಲೆ ಕೇಳುತ್ತಾರೆ. ಆಗ ನಾನು ಆ ಸಾಮಾನಿನ ಜೊತೆ ಅವರ ದುಃಖವನ್ನೂ ರಿಪೇರಿ ಮಾಡಬೇಕು.

"ಇದನ್ನ ಯಾರಿಗೆ ತಂದಿ?" ಅಂದೆ.

"ಶಾಹೀನಗ್ರಿ" ಅಂದ.

ಶಾಹೀನ್ ಅವನ ಹೆಂಡತಿ. ಬ್ಲೌಸ್ ಹೊಲಿಯುತ್ತಾಳೆ. ಮದುವೆಗೆ ಮುಂಚೆ ಕಂಪ್ಯೂಟರ್ ಕ್ಲಾಸಿಗೆ ಹೋದವಳು. ರಫೀಕನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅವನ ಅಪ್ಪನ ಕಾಲದಲ್ಲಿ ಅಬ್ಬಿಗೇರಿ, ಅಸೂಟಿ ಕಡೆಯ ಮದುವೆಗಳೆಲ್ಲ ಇವರ ಹಾರ್ನ್ ಸ್ಪೀಕರಿನಲ್ಲೇ ಆಗಿದ್ದವು. ಈಗ ಎಲ್ಲರಿಗೂ ಡಿಜೆ ಬೇಕು, ಮೈಕ್‌ಸೆಟ್ ಯಾರಿಗೂ ಬೇಡ.

ಡಿಜೆ ಯೋಚನೆ ಶಾಹೀನಳದ್ದು. ಅವರ ಕಡೆಯ ಮದುವೆಗಳಲ್ಲಿ ಹೆಂಗಸರ ಹಾಲ್ ಬೇರೆ, ಗಂಡಸರದು ಬೇರೆ. ಹೆಂಗಸರ ಹಾಲಿಗೆ ಹಾಡು ಹಚ್ಚುವ ಗಂಡಸು ಬರುವಂತಿಲ್ಲ. ಹಾಗಾಗಿ ಅಲ್ಲೊಂದು ಸಿಡಿ ಪ್ಲೇಯರ್ ಇಟ್ಟು ಹೋಗುತ್ತಾರೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವುದರೊಳಗೆ ಕುಣಿಯುವವರು ಕೂತುಬಿಟ್ಟಿರುತ್ತಾರೆ. ಸಿಡಿ ಬದಲಿಸಲು ಯಾರು ಏಳಬೇಕು ಎನ್ನುವುದೇ ಒಂದು ಜಗಳ. ಆ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಕೂತು ಹಾಡಿಗೆ ಹಾಡು ಜೋಡಿಸಿದರೆ? ಮೂರು ತಾಲೂಕಿನಲ್ಲಿ ಅಂಥವಳು ಇನ್ನೊಬ್ಬಳಿಲ್ಲ.

ರಫೀಕ್ ಒಪ್ಪಿದ್ದ. ನರಗುಂದದಲ್ಲಿ ಅವನ ಸೋದರಮಾವನ ಮಗಳ ಮದುವೆ ಇತ್ತು. ಅದರಲ್ಲಿ ಹಚ್ಚಿ ತೋರಿಸು, ಜನ ಹೂಂ ಅಂದರೆ ಅಂಗಡಿಗೆ ನಿನ್ನ ಹೆಸರಿನ ಬೋರ್ಡ್ ಹಾಕಿಸುತ್ತೇನೆ ಅಂದಿದ್ದ. ಶಾಹೀನ್ ಆ ಬೋರ್ಡಿನ ಅಕ್ಷರ ಯಾವ ಬಣ್ಣದಲ್ಲಿರಬೇಕು ಎಂಬುದನ್ನೂ ನನಗೆ ಹೇಳಿದ್ದಳು. ಹೆಸರು ಅಂದರೆ ಅವಳಿಗೆ ಅಷ್ಟು ಆಸೆ. ಇಲ್ಲಿಯವರೆಗೆ ಅವಳ ಹೆಸರು ಬರೆದದ್ದು ರೇಷನ್ ಕಾರ್ಡಿನಲ್ಲಿ ಮಾತ್ರ, ಅಲ್ಲೂ ತಪ್ಪಾಗಿ.

ಇನ್ನು ಬಾಯಿಯ ವಿಷಯ. ಮರುದಿನ ಲೈಬ್ರರಿಯಲ್ಲಿ ಕೂತು ಹುಡುಕಿದೆ. (ಕರೆಂಟ್ ಹೋಗಿ ಬಂದು, ಹೋಗಿ ಬಂದು, ಒಂದು ಪುಟ ತೆರೆಯುವಷ್ಟರಲ್ಲಿ ಊಟದ ಬೆಲ್ ಆಗಿತ್ತು.) ತಿಳಿದದ್ದಿಷ್ಟು. ಆ ಮಷೀನಿಗೆ ಬಾಯಿ ಇರುವುದೇ ಇಲ್ಲ. ಅದು ಹಾಡುವ ಯಂತ್ರವಲ್ಲ. ಹಾಡು ಇರುವುದು ಕಂಪ್ಯೂಟರಿನಲ್ಲಿ, ಹಾಡುಗಳನ್ನು ಬೆಸೆಯುವುದು ಅದರೊಳಗಿನ ಮಿಕ್ಸಿಂಗ್ ಸಾಫ್ಟ್‌ವೇರ್. ಕಂಟ್ರೋಲರ್ ಅಂದರೆ ಆ ಸಾಫ್ಟ್‌ವೇರಿಗೆ ನಮ್ಮ ಕೈಬೆರಳು ತಲುಪಿಸುವ ಹಲಗೆ, ಅಷ್ಟೇ.

ಅದಕ್ಕಿಂತ ಮುಖ್ಯವಾದದ್ದು ಕಿವಿ. ಜನ ಒಂದು ಹಾಡು ಕೇಳುತ್ತಿರುವಾಗ, ಹಚ್ಚುವವರು ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ತಾವೊಬ್ಬರೇ ಕೇಳಿ, ತಾಳ ಹೊಂದಿಸಿ, ಆಮೇಲೆ ಹೊರಗೆ ಬಿಡಬೇಕು. ಅಂದರೆ ಸದ್ದು ಹೋಗಲು ಎರಡು ದಾರಿ ಬೇಕು. ಒಂದು ಸ್ಪೀಕರಿಗೆ, ಒಂದು ಕಿವಿಗೆ. ತೀರ ಅಗ್ಗದ ಮಷೀನುಗಳಲ್ಲಿ ಎರಡನೆಯ ದಾರಿಯೇ ಇರುವುದಿಲ್ಲ. ಅದಕ್ಕೆ ಬೇರೆ ಸೌಂಡ್ ಕಾರ್ಡ್ ಕೊಳ್ಳಬೇಕು. ರಫೀಕ್ ತಂದದ್ದು ಆ ಜಾತಿಯದು. ದೀಪ ಜಾಸ್ತಿ ಇದೆ ಅಂತ ತಂದಿದ್ದ.

ಹಾಗಾಗಿ ಡಿಜೆ ಆಗಬೇಕು ಎಂದಿರುವ ಓದುಗರೇ, ನನ್ನ ಕಷ್ಟದ ಫಲ ನಿಮಗೆ ಪುಕ್ಕಟೆ. ದೀಪ ನೋಡಬೇಡಿ, ಹೆಡ್‌ಫೋನ್ ಸಿಗಿಸುವ ತೂತು ಇದೆಯೇ ನೋಡಿ. ಡಬ್ಬಿಯ ಜೊತೆ ಬರುವ ಸಾಫ್ಟ್‌ವೇರ್ ಪೂರ್ತಿಯದೋ ಅರೆಬರೆಯದೋ ಕೇಳಿ. ಅರೆಬರೆಯದಾದರೆ ಬೀಗರು ಕುಣಿಯುತ್ತಿರುವಾಗಲೇ ನಿಂತು, ಮುಂದಿನದಕ್ಕೆ ಹಣ ಕಟ್ಟಿ ಅನ್ನುತ್ತದೆ. ನಿಮ್ಮ ಹಳೇ ಲ್ಯಾಪ್‌ಟಾಪಿಗೆ ಅದು ಒಗ್ಗುತ್ತದೋ ಇಲ್ಲವೋ ಅಂಗಡಿಯಲ್ಲೇ ಸಿಗಿಸಿ ನೋಡಿ. ಮತ್ತೆ, ದಯವಿಟ್ಟು, ಕೊಂಡ ಮೇಲೆ ನನ್ನನ್ನು ಕೇಳಬೇಡಿ.

ಹುಬ್ಬಳ್ಳಿಯ ಅಂಗಡಿಯವನು ಆ ಮಷೀನು ವಾಪಸ್ ತಗೊಳ್ಳಲಿಲ್ಲ. ಶಾಹೀನ್ ತನ್ನ ಹೊಲಿಗೆಯ ದುಡ್ಡಿನಲ್ಲಿ ಇನ್ನೊಂದು ಕೊಂಡಳು. ಈ ಸಲ ನಾನೂ ಹುಬ್ಬಳ್ಳಿಗೆ ಹೋಗಿದ್ದೆ. (ರಜಾ ಹಾಕಿ. ಯಾಕೆ ಹೋದೆ ಅಂತ ಇವತ್ತಿಗೂ ಗೊತ್ತಿಲ್ಲ.) ಅಂಗಡಿಯವನು ನನಗೆ ವಿವರಿಸುತ್ತಲೇ ಇದ್ದ. ಅವಳು ಹೊಲಿಗೆ ಮಷೀನಿನ ಚಕ್ರ ತಿರುವಿ ನೋಡುವಂತೆ ಒಂದೊಂದನ್ನೂ ತಿರುವಿದಳು, ನಡುವಿನ ಗುಂಡಿ ಎಲ್ಲೂ ತಡೆಯದೆ ಸರಿಯುತ್ತದೆಯೇ ಅಂತ ನೋಡಿದಳು. ಕೊನೆಗೆ ಅಲ್ಲಿದ್ದ ಎಲ್ಲಕ್ಕಿಂತ ಸಣ್ಣ, ಕರ್ರಗಿನ, ದೀಪವೇ ಇಲ್ಲದ್ದನ್ನು ಆರಿಸಿದಳು. ಹೆಡ್‌ಫೋನಿನ ತೂತು ಇತ್ತು.

ಅಲ್ಲಿಂದ ನನ್ನ ನಿದ್ದೆ ಹೋಯಿತು. ನಮ್ಮಿಬ್ಬರ ಮನೆಗೆ ಗೋಡೆ ಒಂದೇ. ಅವಳು ಕಲಿಯುತ್ತಿದ್ದದ್ದು ಎರಡು ಹಾಡು ಕೂಡುವ ಜಾಗ. ಅದೊಂದೇ ಜಾಗ, ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಹಾಡು ಶುರುವಾಗುವುದೂ ಇಲ್ಲ, ಮುಗಿಯುವುದೂ ಇಲ್ಲ. ಕಾಲೇಜಿನಿಂದ ಬಂದು ಕಾಲು ಚಾಚಿದರೆ ಗೋಡೆಯೊಳಗಿಂದ ಯಾರೋ ಬಿಕ್ಕಳಿಸಿದಂತೆ ಕೇಳುತ್ತಿತ್ತು. ಆದರೆ ಬರಬರುತ್ತ ಆ ಬಿಕ್ಕಳಿಕೆ ನಿಂತಿತು. ಒಂದು ಹಾಡು ಯಾವಾಗ ಮುಗಿಯಿತು, ಇನ್ನೊಂದು ಯಾವಾಗ ಬಂತು ಗೊತ್ತಾಗದ ಹಾಗಾಯಿತು. ಆಗ ಮಾತ್ರ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ನರಗುಂದದ ಮದುವೆಗೆ ನನ್ನನ್ನೂ ಎಳೆದುಕೊಂಡು ಹೋದರು. ಮಧ್ಯಾಹ್ನ ಹಳದಿ ಕಾರ್ಯಕ್ರಮ. ದೊಡ್ಡ ಹಾಲಿಗೆ ಅಡ್ಡ ಪರದೆ ಕಟ್ಟಿ ಎರಡು ಮಾಡಿದ್ದರು. ಈ ಕಡೆ, ಹೆಂಗಸರಲ್ಲಿ, ಶಾಹೀನ್ ಒಂದು ಮೂಲೆಯಲ್ಲಿ ಟೇಬಲ್ ಹಾಕಿ ಲ್ಯಾಪ್‌ಟಾಪು, ಮಷೀನು ಇಟ್ಟುಕೊಂಡು ಕೂತಳು. ಮೊದಮೊದಲು ಮುದುಕಿಯರು ಇದೇನು ಹೊಲಿಗೆ ಮಷೀನೋ ಅಂತ ಬಗ್ಗಿ ನೋಡಿ ಹೋದರು. ಆಮೇಲೆ ಆ ಮುದುಕಿಯರೇ ಕೂರಲಿಲ್ಲ. ಮದುಮಗಳ ಮಂಡಿನೋವಿನ ಅಜ್ಜಿ ಕೂಡ ಎದ್ದು ನಿಂತು ಕೈ ತಿರುವಿದಳು.

ಗಂಡಸರ ಕಡೆಗೆ ಬೀಗರು ಬಾಗಲಕೋಟೆಯಿಂದ ಡಿಜೆ ಹೇಳಿದ್ದರು. ಅವನ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತ್ತು. ಮದುಮಗನ ಕಾಕಾ ಪರದೆಯಾಚೆಯಿಂದ ಜೋರಾಗಿ ಅಂದದ್ದು ನಮಗೂ ಕೇಳಿಸಿತು: "ಏನ್ರಿ ರಫೀಕ್ ಭಾಯಿ, ಆ ಕಡೆ ಮದುವಿ ನಡದೈತಿ, ನಾವಿಲ್ಲಿ ದವಾಖಾನಿ ಹೊರಗ ಕುಂತಂಗ ಕುಂತೀವಲ್ಲ."

ರಫೀಕ್ ಪರದೆಯ ಅಂಚಿಗೆ ಬಂದು ನನ್ನ ಕೈಯಲ್ಲಿ ಒಂದು ವೈರಿನ ತುದಿ ಕೊಟ್ಟ. "ಶಾಹೀನಗ ಕೊಡ್ರಿ ಅಕ್ಕಾರ. ಆಕಿ ಹಚ್ಚಿದ್ದ ಹಾಡು ಈ ಕಡೆನೂ ಬರ್ಲಿ." ಪರದೆಯ ಕೆಳಗಿನಿಂದ ವೈರು ಬಂತು. ಶಾಹೀನ್ ಅದನ್ನು ತನ್ನ ಆಂಪ್ಲಿಫೈಯರಿನಲ್ಲಿ ಬೇರೆ ಗುಂಡಿಯಿದ್ದ ಕಡೆ ಸಿಗಿಸಿದಳು. ಅತ್ತ ಕಡೆ ಶಿಳ್ಳೆ ಬಿದ್ದವು.

ಸ್ವಲ್ಪ ಹೊತ್ತಿಗೆ ಅವಳೇ ನನಗೆ, "ಅಲ್ಲಿ ಸೌಂಡ್ ಹ್ಯಾಂಗ ಬರಾಕತ್ತೈತಿ ನೋಡಿ ಬರ್ರಿ ಅಕ್ಕಾರ" ಅಂದಳು. ಹೋದೆ.

ಅಲ್ಲಿ ನೋಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ವೇದಿಕೆಯ ಪಕ್ಕ ಒಂದು ಟೇಬಲ್. ಅದರ ಮೇಲೆ ಆ ಮೊದಲನೆಯ, ಬಾಯಿಯಿಲ್ಲದ ಮಷೀನು. (ನರಗುಂದದಲ್ಲಿ ಯಾರಿಗಾದರೂ ಮಾರಿದರಾಯಿತು ಅಂತ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದ.) ಅದರ ವೈರನ್ನು ಆಂಪ್ಲಿಫೈಯರಿನಲ್ಲಿ ಪೆನ್‌ಡ್ರೈವ್ ಹಾಕುವ ಜಾಗಕ್ಕೆ ಸಿಗಿಸಿದ್ದ. ದೀಪಗಳೆಲ್ಲ ಝಗಝಗ. ಹಿಂದೆ ರಫೀಕ್, ಕಿವಿಗೆ ಹೆಡ್‌ಫೋನ್. ಹೆಡ್‌ಫೋನಿನ ಇನ್ನೊಂದು ತುದಿ ಅವನ ಪ್ಯಾಂಟಿನ ಜೇಬಿನಲ್ಲಿ. ಕಣ್ಣು ಮುಚ್ಚಿ, ತಲೆ ಆಡಿಸುತ್ತ, ಚಕ್ರ ತಿರುಗಿಸುತ್ತಿದ್ದ.

ಯಾರು ಹಚ್ಚುತ್ತಿದ್ದಾರೆ ಅಂತ ಕಾಕಾ ಕೇಳಿದ್ದರಂತೆ. ಇವನ ಬಾಯಿಂದ "ನಾನ" ಅಂತ ಬಂದುಬಿಟ್ಟಿತಂತೆ. ಆಮೇಲೆ ಅದನ್ನು ನಡೆಸಲೇಬೇಕಾಯಿತಂತೆ. ಅವನೇ ಆಮೇಲೆ ಹೇಳಿದ್ದು.

ವಾಪಸ್ ಬಂದೆ. ಏನಂತ ಹೇಳಲಿ? "ಸೌಂಡ್ ಚಲೋ ಐತಿ" ಅಂದೆ.

"ಅವರು ಏನ್ ಮಾಡಾಕತ್ತಾರ?"

"ನಿಂತಾನ."

"ಹೆಡ್‌ಫೋನ್ ಹಾಕ್ಯಾರೇನ್ರಿ?"

ನನ್ನ ಮುಖವೇ ಹೇಳಿರಬೇಕು. ಶಾಹೀನ್ ಗಂಡಸರ ಕಡೆಯ ಸದ್ದನ್ನು ಮಾತ್ರ ಪಟಕ್ಕನೆ ಇಳಿಸಿಬಿಟ್ಟಳು. "ಈಗ ಏನೇನ್ ಒತ್ತಾಕತ್ತಾರ, ಹೋಗಿ ನೋಡ್ರಿ" ಅಂದಳು.

ಎಲ್ಲವನ್ನೂ ಒತ್ತುತ್ತಿದ್ದ. ಕುಣಿಯುತ್ತಿದ್ದವರು ಎತ್ತಿದ ಕೈ ಎತ್ತಿದ ಹಾಗೇ ಅವನ ಕಡೆ ನೋಡುತ್ತಿದ್ದರು. ಅವನು ಮಷೀನಿನ ತಳ ತಟ್ಟಿದ, ವೈರು ಅಲುಗಾಡಿಸಿದ, ಮೇಲೆ ಫ್ಯಾನ್ ನೋಡಿದ. ಶಾಹೀನ್ ಮತ್ತೆ ಸದ್ದು ಬಿಟ್ಟಳು, ಅದೂ ಹಾಡಿನ ಸರಿಯಾದ ಜಾಗಕ್ಕೆ. ಜನ ಕೇಕೆ ಹಾಕಿದರು. ಬೇಕಂತಲೇ ನಿಲ್ಲಿಸಿ ಬಿಟ್ಟ ಅಂದುಕೊಂಡರು. ನಾನು ವಾಪಸ್ ಬಂದ ಮೇಲೆ ಇದನ್ನು ಅವಳು ಇನ್ನೊಮ್ಮೆ ಮಾಡಿದಳು. ನಾನೂ ಅವಳೂ ಸೆರಗು, ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕೆವು.

ನಗು ಬಹಳ ಹೊತ್ತು ಇರಲಿಲ್ಲ. ಕಾರ್ಯಕ್ರಮ ಮುಗಿಯುವಾಗ ಕಾಕಾ ಮೈಕ್ ಹಿಡಿದರು. "ರಫೀಕ್ ಭಾಯಿ ಕೈಯಾಗ ಜಾದೂ ಐತ್ರಿ. ಬಾಗಲಕೋಟಿಯವನು ಬರದಿದ್ದದ್ದ ಚಲೋ ಆತು" ಅಂದರು. ಶಾಲು ಹೊದಿಸಿದರಂತೆ. ಚಪ್ಪಾಳೆ ಪರದೆಯ ಈ ಕಡೆಗೂ ಬಂತು. ಶಾಹೀನ್ ಹೆಡ್‌ಫೋನ್ ತೆಗೆದು ಕಿವಿ ಉಜ್ಜಿಕೊಂಡಳು. ಕೆಂಪಾಗಿತ್ತು. ವೈರು ಸುತ್ತತೊಡಗಿದಳು.

ನನಗೆ ಸಿಟ್ಟು ಬಂತು. ಆಮೇಲೆ ಸಿಟ್ಟಿಗಿಂತ ಸುಸ್ತು ಬಂತು. ಯಾಕೆಂದರೆ ಇದು ಪರದೆ ಕಟ್ಟುವವರ ಮನೆಯ ಕಥೆ ಮಾತ್ರ ಅಲ್ಲ. ನಾನು ಇಷ್ಟು ಕಾಲದಿಂದ ಈ ಅಂಕಣ ಬರೆಯುತ್ತಿದ್ದೇನೆ. ಈಗಲೂ ಬಸ್ಸಿನಲ್ಲಿ ಸಿಕ್ಕವರು, "ಭಾಳ ಚಲೋ ಇರ್ತಾವ್ರಿ, ಸಾಹೇಬ್ರು ಬರದು ಕೊಡ್ತಾರೇನ್ರಿ?" ಅಂತ ಕೇಳುತ್ತಾರೆ. (ನಮ್ಮ ಸಾಹೇಬರು, ಅಂದರೆ ನನ್ನ ಗಂಡ, ಅಂಕಣದ ತಲೆಬರಹ ದಾಟಿ ಕೆಳಗೆ ಇಳಿದವರಲ್ಲ.) ಮೊದಮೊದಲು ಜಗಳಕ್ಕೆ ಹೋಗುತ್ತಿದ್ದೆ. ಈಗ ಕಿಟಕಿಯ ಕಡೆ ತಿರುಗಿ ಕೂರುತ್ತೇನೆ.

ಮದುವೆಯಾದ ಮೇಲೆ ರಫೀಕನಿಗೆ ಒಂದರ ಹಿಂದೊಂದು ಬುಕಿಂಗ್ ಬಂದವು. ಅಂಗಡಿ ಮೇಲೆ ಫ್ಲೆಕ್ಸ್ ಬೋರ್ಡೂ ಬಂತು. 'ಡಿಜೆ ರಫೀಕ್'. ಹೆಡ್‌ಫೋನ್ ಹಾಕಿಕೊಂಡ ಅವನದೇ ಫೋಟೋ.

ಮೊನ್ನೆ ಸಂಜೆ ಗಂಡ ಹೆಂಡತಿ ಇಬ್ಬರೂ ನಮ್ಮ ಕಟ್ಟೆಗೆ ಬಂದು ಕೂತರು. ಮನೆಯಲ್ಲಿ ಅವರ ಮಾತು ಉರ್ದು. ನನ್ನೆದುರು ಜಗಳ ಮಾತ್ರ ಕನ್ನಡದಲ್ಲಿ ಆಗುತ್ತದೆ, ನಾನು ನ್ಯಾಯ ಹೇಳಲಿ ಅಂತ.

"ಸ್ವಲ್ಪ ದಿನ ತಡಿ ಅಂದೀನ್ರಿ ಅಕ್ಕಾರ. ಒಮ್ಮಿಗೇ ಹೆಸರು ಹಾಕಿದ್ರ ಜನ ಏನಂದಾರು?" ಅಂದ ರಫೀಕ್.

"ಜನ ಚಲೋ ಐತಿ ಅಂದ್ರಲ್ಲ" ಅಂದಳು ಶಾಹೀನ್. "ಶಾಲ್ ಹೊದಿಸಿದ್ರಲ್ಲ. ಇನ್ನೇನ್ ಅನ್ನಬೇಕಿತ್ತು?"

ಕೆಟ್ಟ ಮನುಷ್ಯನಲ್ಲ ರಫೀಕ್. ಅವಳ ಸ್ಪೀಕರ್ ಹೊರುವವನು ಅವನೇ, ಅವಳು ಕಲಿಯುವಾಗ ಒಲೆ ಹಚ್ಚಿ ಅನ್ನಕ್ಕೆ ಇಟ್ಟವನೂ ಅವನೇ. ಮನೆಯೊಳಗೆ, ನನ್ನ ಹೆಂಡತಿಯಂಥ ಡಿಜೆ ಇಲ್ಲ ಅನ್ನುತ್ತಾನೆ. ಆ ಮಾತು ಹೊಸ್ತಿಲು ದಾಟುವುದಿಲ್ಲ.

"ಬೋರ್ಡ್ ಇರ್ಲಿ ಬಿಡ್ರಿ" ಅಂತ ಶಾಹೀನ್ ನನ್ನ ಕಡೆ ತಿರುಗಿದಳು. "ನೀವು ವಾರ ವಾರ ಪೇಪರ್‌ನ್ಯಾಗ ಬರೀತೀರಲ್ಲ ಅಕ್ಕಾರ, ಅದರಾಗ ಹಾಕ್ರಿ. ನರಗುಂದದಾಗ ಹಾಡು ಹಚ್ಚಿದಾಕಿ ಶಾಹೀನ್ ಅಂತ ಬರೀರಿ. ಹೆಸರು ಬರಬೇಕು ನೋಡ್ರಿ ಮತ್ತ."

ನಾನು ರಫೀಕನನ್ನು ನೋಡಿದೆ.

"ಬರೀರಿ" ಅಂದ. "ಖರೇ ಇದ್ದದ್ದು ಖರೇ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ನಂದೊಂದು ಮಾತು ನಡಸಿ ಕೊಡ್ರಿ ಅಕ್ಕಾರ. ಹೆಸರು ಬದಲಿ ಮಾಡಿ ಬರೀರಿ."

ಆಗಲಿ ಅಂದೆ. ಇಬ್ಬರಿಗೂ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ: ಬದಲಿಸಿದ್ದು ರಫೀಕನ ಹೆಸರನ್ನು.